ಗಡಂಗು ಎಂಬ ಬಸ್ ಸ್ಟಾಪು

ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಬೆಳಿಗ್ಗೆ ಕುಂದಾಪುರಕ್ಕೆ ಇಳಿದು ಬೈಂದೂರು ಬಸ್ಸು ಹತ್ತಿದರೆ, ಮುಂದಿನ ಅರ್ಧ ಗಂಟೆ ಫೋನ್ ಕಿಸೆಯಲ್ಲೇ ಇರಲಿ. ಸಂಗಮ್, ತಲ್ಲೂರು, ಸೇವಂತಿಗೆಯ ಹೆಮ್ಮಾಡಿ, ತ್ರಾಸಿ ದಾಟಿ ಮರವಂತೆಗೆ ಬಂದಾಗ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ.

ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ನಮ್ಮೂರು. "ಗಡಂಗು ಯಾರ್ ಇಳೂದ್?" ಅಂತ ಕಂಡಕ್ಟರ್ ಈಗಲೂ ಕೂಗುತ್ತಾರೆ. ಇಳಿದರೆ ಅಲ್ಲಿ ಗಡಂಗಿಲ್ಲ. ಹಿಂದಿನ ಎನ್‌ಎಚ್ 17, ಈಗಿನ 66, ನಾಲ್ಕು ಪಥವಾದಾಗ ಆ ಹಂಚಿನ ಮಾಡು ಹೋಯಿತು. ಹೊರಗಿನವರಿಗೆ ಹೇಳುವುದಾದರೆ, ಗಡಂಗು ಅಂದರೆ ನಮ್ಮ ಕಡೆ ಕಳ್ಳಿನ ಅಂಗಡಿ. ಎರಡು ಬೆಂಚು, ಒಂದು ಮಣ್ಣಿನ ಹಂಡೆ, ಬಂಗುಡೆ ಫ್ರೈ, ಕಡ್ಲೆ. ಕಂಬಳದ ಸುದ್ದಿ, ಆಟದ ಸುದ್ದಿ, ಗದ್ದೆ ಕೆಲಸಕ್ಕೆ ಜನ ಎಲ್ಲವೂ ಅಲ್ಲೇ ಸಿಗುತ್ತಿತ್ತು.

ಈ ಸಲ ನಾನು ಬಂದದ್ದು ಗ್ರಾಮಸಭೆಗೆ. ವಿಷಯ ಎರಡು. ಗಡಂಗಿನಜ್ಜ ಒಳದಾರಿಯ ತಮ್ಮ ಹಿತ್ತಿಲಲ್ಲಿ ಅಂಗಡಿಯನ್ನು ಮತ್ತೆ ಕಟ್ಟಬೇಕು ಅಂತಾರೆ. ಅದಕ್ಕೆ ತಾಗಿದ ತೆಂಗಿನ ತೋಟ ಲೇಔಟ್ ಆಗಲಿದೆ. ಆ ತೋಟದ ಒಂದು ಪಾಲು ನಮ್ಮದು. ಬೆಂಗಳೂರಿನ ನನ್ನ ಫ್ಲ್ಯಾಟಿನ ಮುಂಗಡ ಅದರಿಂದಲೇ ಬರಬೇಕು. ಹಾಗಾಗಿ ನಾನು ಈ ಜಗಳದ ಹೊರಗಿನವನಲ್ಲ.

"ರಸ್ತೆ ಬದಿಯೇ ಕಟ್ಟಿ ಅಜ್ಜ, ಒಳಗೆ ಯಾಕೆ?" ಅಂತ ಕೇಳಿದೆ. "ಬಿಡ್ತ್ರಾ ಮಾರಾಯ?" ಅಂದರು. ನಿಜವೇ. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು ಹೆದ್ದಾರಿಯ 500 ಮೀಟರ್ ಒಳಗೆ ಮದ್ಯದಂಗಡಿ ಬೇಡ ಅಂದಿತು. ಮರುವರ್ಷ, 20,000ಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿತು. ಪೇಟೆಗಳಿಗೆ ಆಮೇಲೆ ವಿನಾಯಿತಿ ಸಿಕ್ಕಿತು, ಹಳ್ಳಿಗಳ ವಿಷಯ ರಾಜ್ಯ ಸರ್ಕಾರದ ವಿವೇಚನೆಗೆ ಹೋಯಿತು. ನಮ್ಮ ರಾಜ್ಯದ ಅಬಕಾರಿ ನಿಯಮದಲ್ಲೂ ಹೆದ್ದಾರಿ ನಡುವಿನಿಂದ 220 ಮೀಟರ್, ಶಾಲೆ, ದೇವಸ್ಥಾನ, ಆಸ್ಪತ್ರೆಯಿಂದ 100 ಮೀಟರ್ ದೂರ ಬೇಕು. ಕುಡಿದು ಗಾಡಿ ಓಡಿಸುವವರನ್ನು ತಡೆಯಲು ಬಂದ ನಿಯಮ ಒಳ್ಳೆಯದೇ. ಆದರೆ ನಮ್ಮಂಥ ಊರಿನಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಟೇಪು ಹಿಡಿದು ಅಳೆದರೆ ಉಳಿಯುವುದು ಮನೆಗಳ ನಡುವಿನ ಜಾಗವೇ.

ರಾತ್ರಿ ಊಟಕ್ಕೆ ಕೂತಾಗ ನಾನು ಹಳೆ ಗಡಂಗನ್ನು ಸ್ವಲ್ಪ ಹೊಗಳಿದೆ. ಅಮ್ಮ ಸೌಟು ಕೆಳಗಿಟ್ಟರು.

"ನಿಂಗೆ ಗಡಂಗಂದ್ರೆ ಬಂಗ್ಡಿ ಫ್ರೈ ನೆನಪಾತ್ತ್. ನಂಗೆ ನೆನಪಾಪುದ್, ನಿನ್ನ ಮಾವನ್ನ ರಾತ್ರಿ ಗದ್ದೆ ಅಂಚಿಂದ ಎತ್ಕಂಡ್ ಬಂದದ್ದ್."

ನನ್ನ ಬಳಿ ಉತ್ತರ ಇರಲಿಲ್ಲ. 2007ರ ಜುಲೈ 1ಕ್ಕೆ ರಾಜ್ಯದಲ್ಲಿ ಸಾರಾಯಿ ನಿಂತಾಗ ಮಾವ ಕುಡಿತ ಬಿಡಲಿಲ್ಲ, ಬಾಟಲಿಗೆ ಹೋದರು. ಮನೆಯ ದುಡ್ಡು ಇನ್ನೂ ಬೇಗ ಖಾಲಿಯಾಯಿತು. ಊರಿನ ನೆನಪುಗಳನ್ನು ಬರೆಯುವವರು ನನ್ನಂಥವರು. ಅವರನ್ನು ಎತ್ತಿಕೊಂಡು ಬಂದವರು ಅಮ್ಮನಂಥವರು.

ಮರುದಿನ ಸಭೆಯಲ್ಲಿ ನನಗೆ ಒಂದು ಸಂಗತಿ ಹೊಳೆಯಿತು. ತೋಟವನ್ನು ಲೇಔಟ್ ಮಾಡಲು ಮೊದಲು ಭೂಪರಿವರ್ತನೆ ಬೇಕು, ಅದು ಕಂದಾಯ ಇಲಾಖೆಯದು. ನಕ್ಷೆ ಯೋಜನಾ ಪ್ರಾಧಿಕಾರದ್ದು. ಕಟ್ಟಡದ ಪರವಾನಗಿ ಪಂಚಾಯತಿಯದು. ಕಳ್ಳಿನ ಲೈಸೆನ್ಸು ಅಬಕಾರಿಯದು. ನಾಲ್ಕು ಫೈಲು, ನಾಲ್ಕು ಮೇಜು. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳುವುದಾದರೆ, ಒಂದು ಮಾಡ್ಯೂಲು ಇನ್ನೊಂದರ ಜೊತೆ ಮಾತೇ ಆಡುವುದಿಲ್ಲ.

ಹಾಗಾಗಿ ಯಾರೂ ಕೇಳದ ಪ್ರಶ್ನೆಯೊಂದು ಉಳಿದಿತ್ತು: ತೋಟ ಹೋದರೆ ಕಳ್ಳು ಎಲ್ಲಿಂದ? ಮೂರ್ತೆದಾರರು ದಿನಾ ಬೆಳಿಗ್ಗೆ ಸಂಜೆ ಮರ ಹತ್ತಬೇಕು. ಬಿರಿಯದ ಹೊಂಬಾಳೆಯನ್ನು ಕಟ್ಟಿ, ಮೆಲ್ಲಗೆ ಬಡಿದು, ತುದಿ ಕೊಯ್ದು ಮಡಕೆ ಕಟ್ಟಬೇಕು. ಇಳಿಸಿದ ಕೆಲವೇ ಗಂಟೆಯಲ್ಲಿ ಅದು ಹುಳಿಯತೊಡಗುತ್ತದೆ. ದೂರದಿಂದ ಲಾರಿಯಲ್ಲಿ ತರುವ ಸರಕಲ್ಲ ಅದು. ಮರ ಹತ್ತಿರ ಇದ್ದರಷ್ಟೇ ಗಡಂಗು. ಮರವಿಲ್ಲದೆ ಅಂಗಡಿಗೆ ಮಾತ್ರ ಪರವಾನಗಿ ಕೊಟ್ಟರೆ, ನಾಳೆ ಆ ಕಟ್ಟಡಕ್ಕೆ ಬರುವುದು ಬಾಟಲಿಯೇ. ಅಮ್ಮ ಹೆದರುವುದೂ ಅದಕ್ಕೇ.

ಎದ್ದು ನಿಂತು ಇಷ್ಟನ್ನೇ ಹೇಳಿದೆ. ಎರಡೂ ಅರ್ಜಿಗಳನ್ನು ಒಟ್ಟಿಗೆ ನೋಡಿ. ಗಡಂಗಿನ ಬಾಗಿಲು ಲೇಔಟಿನ ರಸ್ತೆಗೆ ಬೇಡ, ಹಳೆ ಕಾಲುದಾರಿಯ ಕಡೆ ಇರಲಿ. ಸಂಜೆ ಮುಚ್ಚುವ ಹೊತ್ತು ಮೊದಲೇ ಬರೆದಿಡಿ. ದಾರಿಗೆ ದೀಪ ಹಾಕಿ. ಹಿಂದಿನಿಂದ ಒಬ್ಬರು, "ಮರ ಮಾರೂದ್ ನೀವೇ ಅಲ್ದಾ?" ಅಂದರು. ಸಭೆ ನಕ್ಕಿತು. ನಾನು ಕೂತೆ.

ಹೆಂಗಸರ ಸಾಲಿನಲ್ಲಿದ್ದ ಅಮ್ಮ ಎದ್ದರು. "ಕಳ್ಳ್ ಬಿಟ್ಟ್ ಬೇರೆ ಎಂತದೂ ಮಾರೂಕಾಗ, ಅಂದೇಳಿ ಬರ್ಕಣಿ" ಅಂದರು. ಸಭೆಯಲ್ಲಿ ಅಮ್ಮ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ತೀರ್ಮಾನ ಆಗಲಿಲ್ಲ. ಮುಂದಿನ ಸಭೆಗೆ ಹೋಯಿತು.

ಆದರೆ ಹಿಂದಿನಿಂದ ಬಂದ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ರಾತ್ರಿ ಅಪ್ಪ ನಕ್ಷೆ ಹಾಸಿದರು. ಅಜ್ಜನ ಹಿತ್ತಿಲಿಗೆ ತಾಗಿದ ಅಂಚಿನಲ್ಲಿ ನಮ್ಮ ಹನ್ನೊಂದು ಮರ. ಅಷ್ಟನ್ನು ಲೇಔಟಿಗೆ ಕೊಡದೆ ನಮ್ಮ ಹೆಸರಲ್ಲೇ ಇಟ್ಟರೆ ಎರಡು ಸೈಟು ಕಡಿಮೆ. ನನ್ನ ಫ್ಲ್ಯಾಟು ಇನ್ನೂ ಎರಡು ವರ್ಷ ದೂರ. ಅಪ್ಪ ನನ್ನ ಮುಖ ನೋಡಿದರು. ಪೆನ್ಸಿಲು ತೆಗೆದುಕೊಂಡು ಆ ಅಂಚಿಗೆ ನಾನೇ ಗೆರೆ ಎಳೆದೆ.

ಮರುದಿನ ಬೆಂಗಳೂರಿಗೆ ವಾಪಸು ಹೊರಟು ಬಸ್ಸಿಗೆ ಕಾಯುತ್ತಿದ್ದಾಗ ಗಡಂಗಿನಜ್ಜ ಬಂದು ಪಕ್ಕ ನಿಂತರು. ಗೆರೆಯ ಸುದ್ದಿ ಅಷ್ಟರಲ್ಲಿ ಊರು ಸುತ್ತಿ ಬಂದಿತ್ತು.

"ಅಂಗ್ಡಿ ಆತ್ತೋ ಇಲ್ಯೋ, ಮರ ಇತ್ತಲೆ, ಸಾಕ್" ಅಂದರು.

ಬಸ್ಸು ಬಂತು. "ಗಡಂಗು, ಗಡಂಗು" ಅಂತ ಕಂಡಕ್ಟರ್ ಕೂಗಿದರು.