ಪ್ರಿಪೋನ್ ಪರವಾಗಿ

ಚೆನ್ನೈನ ಶೋಳಿಂಗನಲ್ಲೂರಿನಲ್ಲಿ, ಎಲ್ಕಾಟ್ ವಿಶೇಷ ಆರ್ಥಿಕ ವಲಯದೊಳಗೂ ಹಳೇ ಮಹಾಬಲಿಪುರಂ ರಸ್ತೆಯ ಇಕ್ಕೆಲಗಳಲ್ಲೂ ಎದ್ದಿರುವ ಸಾಫ್ಟ್‌ವೇರ್ ಕಂಪನಿಗಳಲ್ಲಿ, ಎಲ್ಲರ ಬಾಯಲ್ಲೂ ಇರುವ ಒಂದು ಇಂಗ್ಲಿಷ್ ಕ್ರಿಯಾಪದ ಲಂಡನ್ನಿನಲ್ಲಾಗಲಿ ನ್ಯೂಯಾರ್ಕಿನಲ್ಲಾಗಲಿ ಅಪರೂಪ. ಅದು ‘ಪ್ರಿಪೋನ್’. ನಾಲ್ಕು ಗಂಟೆಗಿದ್ದ ಮೀಟಿಂಗು ಐದಕ್ಕೆ ಹೋದರೆ ಪೋಸ್ಟ್‌ಪೋನ್, ಮೂರಕ್ಕೆ ಬಂದರೆ ಪ್ರಿಪೋನ್. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಅಲ್ಲಿಗೆ ಕೆಲಸಕ್ಕೆ ಹೋದ ಕನ್ನಡಿಗರಿಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ; ಪರೀಕ್ಷೆಗೂ ಮದುವೆಯ ಮುಹೂರ್ತಕ್ಕೂ ಅದನ್ನು ಮೊದಲೇ ಬಳಸಿದವರು ಅವರು. ಆದರೆ ಅದೇ ಪದವನ್ನು ಪರದೇಶದ ಗ್ರಾಹಕನಿಗೆ ಬರೆಯುವಾಗ ಕೈ ತಡೆಯುತ್ತದೆ. ಇದು ಇಂಗ್ಲಿಷೇ ಅಲ್ಲ, ನಮ್ಮವರು ಕಟ್ಟಿಕೊಂಡ ತಪ್ಪು ಎಂಬ ಅಳುಕು. ಈ ಅಳುಕಿಗೆ ಆಧಾರವಿಲ್ಲ. ಪ್ರಿಪೋನ್ ಸರಿಯಾದ ಪದ. ಶೋಳಿಂಗನಲ್ಲೂರಿನಂಥ ಜಾಗಕ್ಕಂತೂ ಇಂಗ್ಲಿಷಿನಲ್ಲಿ ಇದಕ್ಕಿಂತ ಒಪ್ಪುವ ಇನ್ನೊಂದು ಪದವಿಲ್ಲ.

ಮೊದಲು ಹುಟ್ಟಿನ ವಿಚಾರ. ಲ್ಯಾಟಿನ್ನಿನಲ್ಲಿ ‘ಪೋನೆರೆ’ ಎಂದರೆ ಇಡು. ಅದಕ್ಕೆ ‘ನಂತರ’ ಎನ್ನುವ ‘ಪೋಸ್ಟ್’ ಸೇರಿ ಪೋಸ್ಟ್‌ಪೋನ್ ಆಯಿತು. ‘ಮೊದಲು’ ಎನ್ನುವ ‘ಪ್ರೇ’ ಸೇರಿದ ‘ಪ್ರೇಪೋನೆರೆ’ ಕೂಡ ಲ್ಯಾಟಿನ್ನಿನಲ್ಲೇ ಇತ್ತು. ಶಾಲೆಯ ವ್ಯಾಕರಣದಲ್ಲಿ ಮಕ್ಕಳು ಓದುವ ‘ಪ್ರಿಪೊಸಿಷನ್’ ಅದರ ಮಗಳು. ಹಾಗಾಗಿ ಕಾಗುಣಿತದಲ್ಲೂ ಗೊಂದಲವಿಲ್ಲ: ಪೋಸ್ಟ್‌ಪೋನ್‌ನಲ್ಲಿ ‘ಪೋಸ್ಟ್’ ತೆಗೆದು ‘ಪ್ರಿ’ ಹಾಕಿದರೆ ಮುಗಿಯಿತು, ಕೊನೆಯ ಉಚ್ಚಾರವಿಲ್ಲದ ‘ಇ’ ಹಾಗೇ ಉಳಿಯುತ್ತದೆ, ನಡುವೆ ಅಡ್ಡಗೆರೆ ಬೇಕಿಲ್ಲ. ಇಂಗ್ಲೆಂಡಿನ ರಾಬರ್ಟ್ ಕ್ರೌಲಿ 1549ರಲ್ಲಿ ಬೈಬಲ್ಲಿನ ಕೀರ್ತನೆಗಳನ್ನು ಪದ್ಯಕ್ಕೆ ತಂದಾಗ ಪ್ರಿಪೋನ್ ಪದವನ್ನು ಬಳಸಿದ್ದ. ಆಗ ಅದರ ಅರ್ಥ ಕಣ್ಣೆದುರು ಇಟ್ಟುಕೊಳ್ಳುವುದು ಎಂದಷ್ಟೇ, ಗಡಿಯಾರಕ್ಕೆ ಸಂಬಂಧವಿರಲಿಲ್ಲ. 1913ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಬರೆದ ಓದುಗರೊಬ್ಬರು, ಪೋಸ್ಟ್‌ಪೋನ್‌ಗೆ ಎದುರಾಳಿಯಾಗಿ ಈ ಪದ ಬೇಕೆಂದು, ಮುಖ್ಯವಾಗಿ ವಕೀಲರ ಉಪಯೋಗಕ್ಕಾಗಿ, ಸೂಚಿಸಿದರು. ಅಮೆರಿಕ ಅದನ್ನು ಎತ್ತಿಕೊಳ್ಳಲಿಲ್ಲ. ಶಶಿ ತರೂರ್ ತಾವು 1972ರಲ್ಲಿ ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿದ್ದಾಗ ಇದನ್ನು ಕಟ್ಟಿದ್ದಾಗಿ ಹೇಳಿಕೊಂಡಿದ್ದಾರೆ. ಈಗಿನ ಅರ್ಥದಲ್ಲಿ ಮೊದಲಿಗರು ಯಾರೆಂಬ ಪ್ರಶ್ನೆಗೆ 1913ರ ಪತ್ರವೇ ಉತ್ತರ. ಆದರೆ ತರೂರರ ಮಾತನ್ನು ನಂಬದಿರಲು ಕಾರಣವಿಲ್ಲ. ಒಬ್ಬರನ್ನೊಬ್ಬರು ಅರಿಯದ ಜನ ಬೇರೆಬೇರೆ ಕಾಲದಲ್ಲಿ ಒಂದೇ ಪದವನ್ನು ಕಟ್ಟಿದರೆಂದರೆ ಭಾಷೆಯಲ್ಲಿ ಅದರ ಜಾಗ ಖಾಲಿ ಇತ್ತು ಎಂದೇ ಅರ್ಥ.

ಖಾಲಿ ಎಲ್ಲಿತ್ತು, ‘ಬ್ರಿಂಗ್ ಫಾರ್ವರ್ಡ್’ ಇದೆಯಲ್ಲ, ‘ಮೂವ್ ಅಪ್’ ಇದೆಯಲ್ಲ ಎಂದು ಕೇಳುವವರಿದ್ದಾರೆ. ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಇದೇ. ಆದರೆ ‘ಫಾರ್ವರ್ಡ್’ ಎಂದರೆ ಯಾವ ಕಡೆ? ಬುಧವಾರದ ಸಭೆಯನ್ನು ಎರಡು ದಿನ ‘ಫಾರ್ವರ್ಡ್’ ಸರಿಸಲಾಗಿದೆ, ಈಗ ಅದು ಯಾವ ವಾರ ಎಂಬ ಪ್ರಶ್ನೆಯನ್ನು ಲೆರಾ ಬೊರೊಡಿಟ್ಸ್‌ಕಿ ಮೊದಲಾದ ಮನೋವಿಜ್ಞಾನಿಗಳು ಇಂಗ್ಲಿಷನ್ನೇ ಮಾತಾಡುವವರ ಮುಂದಿಟ್ಟರು. ಕೆಲವರು ಸೋಮವಾರ ಎಂದರು, ಕೆಲವರು ಶುಕ್ರವಾರ ಎಂದರು. ನಾವು ಕಾಲದೊಳಗೆ ನಡೆಯುತ್ತಿದ್ದೇವೆ ಎಂದುಕೊಂಡರೆ ಎದುರಿಗಿರುವುದು ನಾಳೆ. ದಿನಗಳೇ ಸಾಲುಗಟ್ಟಿ ಬರುತ್ತಿವೆ ಎಂದುಕೊಂಡರೆ ಸಾಲಿನ ಮುಂಭಾಗದಲ್ಲಿರುವುದು ಮೊದಲ ದಿನ. ಇಂಗ್ಲಿಷಿನ ಈ ಇಬ್ಬಂದಿ ಶೋಳಿಂಗನಲ್ಲೂರಿನಲ್ಲಿ ಇನ್ನಷ್ಟು ತೊಡಕಾಗುತ್ತದೆ, ಏಕೆಂದರೆ ಅಲ್ಲಿ ಪಕ್ಕಪಕ್ಕದ ಕುರ್ಚಿಯಲ್ಲಿರುವ ಕನ್ನಡ ಮತ್ತು ತಮಿಳು ಈ ವಿಷಯದಲ್ಲಿ ಒಂದಕ್ಕೊಂದು ಬೆನ್ನು ತಿರುಗಿಸಿವೆ. ಕನ್ನಡಿಗರು ‘ಎರಡು ದಿನದ ಹಿಂದೆ’ ಎನ್ನುವುದನ್ನೇ ತಮಿಳರು ‘ಇರಂಡು ನಾಳುಕ್ಕು ಮುನ್ನಾಲ್’ ಎನ್ನುತ್ತಾರೆ. ನಮಗೆ ಕಳೆದುಹೋದದ್ದು ಹಿಂದೆ. ಅವರಿಗೆ ಅದು ಮುನ್, ಅಂದರೆ ಮುಂದೆ. ನಮ್ಮ ‘ಮುಂದಿನ ವಾರ’ ಇನ್ನೂ ಬರಬೇಕಾದದ್ದು. ತಮಿಳಿನಲ್ಲಿ ಬರಬೇಕಾದದ್ದಕ್ಕೆ ‘ಪಿನ್’, ನಮ್ಮ ಹಳಗನ್ನಡದ ‘ಪಿಂದೆ’ಯ ಬೇರು. ಒಂದೇ ಬೇರಿನ ಪದಗಳು ಎರಡು ಭಾಷೆಗಳಲ್ಲಿ ಎದುರುಬದುರು ದಿಕ್ಕಿಗೆ ತಿರುಗಿವೆ. ಕನ್ನಡದೊಳಗೂ ಎಲ್ಲ ಸಲೀಸಾಗಿಲ್ಲ: ‘ಮುಂದೆ’ ಎಂದರೆ ಆಮೇಲೆ, ಅದೇ ಬೇರಿನ ‘ಮುಂಚೆ’ ಎಂದರೆ ಮೊದಲು. ‘ಮುಂದೂಡು’ ನಮ್ಮಲ್ಲಿ ಭದ್ರವಾಗಿ ನಿಂತಿದೆ. ಅದರ ಜೋಡಿಯಾಗಬೇಕಿದ್ದ ‘ಹಿಂದೂಡು’ ನೆಲೆಯೂರಲೇ ಇಲ್ಲ. ನಮ್ಮ ಪತ್ರಿಕೆಗಳು ‘ನಿಗದಿಗಿಂತ ಮೊದಲೇ’ ಎಂದು ಸುತ್ತಿ ಬಳಸಿ ಹೇಳುತ್ತವೆ. ಹೀಗಿರುವಾಗ, ‘ರಿವ್ಯೂ ಫಾರ್ವರ್ಡ್ ಆಗಿದೆ’ ಎಂಬ ಸಂದೇಶವನ್ನು ಕನ್ನಡಿಗನೊಬ್ಬ ಓದಿ ಆಮೇಲೆಂದೂ ತಮಿಳನೊಬ್ಬ ಓದಿ ಮೊದಲೆಂದೂ ತಿಳಿದರೆ ಇಬ್ಬರದೂ ತಪ್ಪಲ್ಲ. ಪ್ರಿಪೋನ್‌ನಲ್ಲಿ ಮುಂದೂ ಇಲ್ಲ, ಹಿಂದೂ ಇಲ್ಲ. ಇರುವುದು ಮೊದಲು ಎಂಬ ಒಂದೇ ಅರ್ಥ. ಪೋಸ್ಟ್‌ಪೋನ್ ಗೊತ್ತಿರುವ ಯಾರಿಗೂ ಅದರ ದಿಕ್ಕು ತಪ್ಪುವುದಿಲ್ಲ.

ಇದರ ಬೆಲೆ ತಿಳಿಯಬೇಕಾದರೆ ಮಾರ್ಚ್ ತಿಂಗಳನ್ನು ನೋಡಬೇಕು. ಅಮೆರಿಕದಲ್ಲಿ ಮಾರ್ಚ್‌ನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ‘ಫಾರ್ವರ್ಡ್’ ತಿರುಗಿಸುತ್ತಾರೆ. ಎರಡು ಗಂಟೆ ಎನ್ನುವ ಹೊತ್ತು ಮೂರಾಗುತ್ತದೆ. ನ್ಯೂಯಾರ್ಕಿನವರ ಬೆಳಗಿನ 9ರ ಕರೆ ಚಳಿಗಾಲದುದ್ದಕ್ಕೂ ಚೆನ್ನೈನಲ್ಲಿ ಸಂಜೆ 7.30ಕ್ಕೆ ಬರುತ್ತಿದ್ದದ್ದು ಆ ಸೋಮವಾರದಿಂದ 6.30ಕ್ಕೆ ಬರುತ್ತದೆ. ಅಲ್ಲಿನ ಮುಳ್ಳು ಮುಂದಕ್ಕೆ ಹೋಯಿತು, ಇಲ್ಲಿನ ಕರೆ ಮೊದಲಿಗೆ ಬಂತು. ಈ ಬದಲಾವಣೆಯನ್ನು ‘ಫಾರ್ವರ್ಡ್’ ಎಂಬ ಪದದಿಂದ ವಿವರಿಸಹೊರಟರೆ ಒಂದೇ ಪದ ಒಂದೇ ವಾಕ್ಯದಲ್ಲಿ ಎರಡು ದಿಕ್ಕು ತೋರಿಸಬೇಕಾಗುತ್ತದೆ. ‘ಅಡ್ವಾನ್ಸ್’ ಎಂದರೂ ಅಷ್ಟೇ: ದಿನಾಂಕವನ್ನು ಅಡ್ವಾನ್ಸ್ ಮಾಡಿದರೆ ಅದು ಮೊದಲಾಗುತ್ತದೆ, ಗಡಿಯಾರವನ್ನು ಅಡ್ವಾನ್ಸ್ ಮಾಡಿದರೆ ಹೊತ್ತು ಹೆಚ್ಚಾಗುತ್ತದೆ. ಕರೆ ಪ್ರಿಪೋನ್ ಆಗಿದೆ ಎಂದರೆ ಎರಡನೆಯ ಪ್ರಶ್ನೆಯೇ ಏಳುವುದಿಲ್ಲ. ಎರಡು ದೇಶಗಳ ಗಡಿಯಾರ ಇಟ್ಟುಕೊಂಡು ದುಡಿಯುವವರು ಈ ಪದವನ್ನು ಗಟ್ಟಿಯಾಗಿ ಹಿಡಿದಿರುವುದು ಇಂಗ್ಲಿಷ್ ಬಾರದ್ದರಿಂದಲ್ಲ, ಕೆಲಸ ಕೆಡಬಾರದೆಂದು.

ಇಂಗ್ಲಿಷರೇ ಬಳಸದ್ದನ್ನು ಇಂಗ್ಲಿಷ್ ಎನ್ನುವುದು ಹೇಗೆ ಎಂಬ ಮಾತಿನ್ನೂ ಉಳಿದಿದೆ. ಆಕ್ಸ್‌ಫರ್ಡ್ ನಿಘಂಟು ಪ್ರಿಪೋನ್‌ಗೆ ಜಾಗ ಕೊಟ್ಟು, ಇದು ಹೆಚ್ಚಾಗಿ ಭಾರತದ ಬಳಕೆ ಎಂದು ಗುರುತಿಸಿದೆ. ಆ ಗುರುತು ದೋಷಾರೋಪವಲ್ಲ, ವಿಳಾಸ. ಅಮೆರಿಕದವರ ‘ಮೂವ್ ಅಪ್’ ಕೂಡ ಒಂದು ದೇಶದ ರೂಢಿಯೇ; ಅದನ್ನು ಬಳಸಲು ಅವರು ಯಾರ ಅಪ್ಪಣೆಗೂ ಕಾಯುವುದಿಲ್ಲ. ಹೊಸ ಗ್ರಾಹಕರಿಗೆ ಈ ಪದ ಮೊದಲ ಸಲ ಅಪರಿಚಿತ ಎನಿಸಬಹುದು, ನಿಜ. ಅದಕ್ಕೆ ಪರಿಹಾರ ಸುಲಭ, ಪದವನ್ನು ಕೈಬಿಡುವ ಅಗತ್ಯವಿಲ್ಲ. ಪ್ರಿಪೋನ್ ಎಂದೇ ಬರೆಯಿರಿ, ಅದಕ್ಕೆ ಉದ್ಧರಣ ಚಿಹ್ನೆಯ ಬೇಲಿ ಹಾಕಬೇಡಿ. ಕಂಪ್ಯೂಟರು ಕೆಂಪು ಗೆರೆ ಎಳೆದರೆ ಪದವನ್ನು ಅದರ ನಿಘಂಟಿಗೆ ಸೇರಿಸಿ. ಪಕ್ಕದಲ್ಲಿ ಹೊಸ ಗಂಟೆಯನ್ನೂ, ಅದು ಭಾರತೀಯ ಕಾಲಮಾನವೋ ನ್ಯೂಯಾರ್ಕಿನದೋ ಎಂಬುದನ್ನೂ ತಪ್ಪದೆ ನಮೂದಿಸಿ.