ಮಡಚಿದ ಅಲಗು

ಆರಿದ್ರೆ ಮಳೆ ಹಿಡಿಯಿತೆಂದರೆ ನನ್ನ ಚಾಕು ಬಾಯಿ ಬಿಡುವುದಿಲ್ಲ. ಹಿಡಿಯ ಬೀಚ್ ಮರ ತೇವ ಕುಡಿದು ಉಬ್ಬಿ ಅಲಗನ್ನು ಬಿಗಿಯಾಗಿ ಅಪ್ಪಿಕೊಂಡುಬಿಡುತ್ತದೆ. ಅಲಗಿನ ಗೀರಿಗೆ ಉಗುರು ಕೊಟ್ಟು ಎಳೆದರೆ ಉಗುರು ನೋಯುತ್ತದೆ, ಚಾಕು ಅಲ್ಲಾಡುವುದಿಲ್ಲ. ಆಗ ಮಾಡಬೇಕಾದದ್ದು ಇಷ್ಟು: ಹಿಡಿಯ ಬಾಲವನ್ನು ಜಗುಲಿಯ ಕಂಬಕ್ಕೋ ಮೇಜಿನ ಅಂಚಿಗೋ ಒಮ್ಮೆ ಕುಟ್ಟುವುದು. ಅಲಗು ಸೀಳಿನಿಂದ ಚೂರೇ ಚೂರು ತಲೆಯೆತ್ತುತ್ತದೆ. ಆಮೇಲೆ ಎರಡು ಬೆರಳಲ್ಲಿ ಹಿಡಿದು ತೆಗೆಯಬಹುದು.

ಈ ಉಪಾಯ ನನ್ನದಲ್ಲ. ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳಲ್ಲಿರುವ ಸವೋಯ್ ಸೀಮೆಯವರದು. ಅಲ್ಲಿ ಇದಕ್ಕೆ ‘ಸವೋಯ್ ಏಟು’ ಎಂದೇ ಹೆಸರಿದೆ. ಕೈಉಪಕರಣ ಮಾಡುವ ಕಮ್ಮಾರರ ಮನೆಯ ಹುಡುಗ ಜೋಸೆಫ್ ಒಪಿನೆಲ್ 1890ರಲ್ಲಿ, ತನ್ನ ಹದಿನೆಂಟನೆಯ ವಯಸ್ಸಿನಲ್ಲಿ, ಈ ಚಾಕುವಿನ ರೂಪವನ್ನು ಕಂಡುಕೊಂಡ. 1897ರ ಹೊತ್ತಿಗೆ ಒಂದರಿಂದ ಹನ್ನೆರಡರವರೆಗೆ ಅಳತೆಗಳು ಬಂದವು. ನನ್ನದು ಎಂಟನೆಯ ನಂಬರು, ಎಂಟೂವರೆ ಸೆಂಟಿಮೀಟರ್ ಅಲಗು. ತೆರೆದ ಅಲಗು ಬೆರಳ ಮೇಲೆ ಮಡಚಿಕೊಳ್ಳದಂತೆ ಕುತ್ತಿಗೆಯಲ್ಲಿ ತಿರುಗುವ ಉಂಗುರ ಸೇರಿದ್ದು 1955ರಲ್ಲಿ. ಅಷ್ಟು ಬಿಟ್ಟರೆ ಒಂದು ಮರದ ತುಂಡು, ಅದರ ಕುತ್ತಿಗೆಗೊಂದು ಲೋಹದ ಕಟ್ಟು, ಒಂದು ಉಕ್ಕಿನ ಪಟ್ಟಿ, ಒಂದು ಮೊಳೆ. ಆ ಬೆಟ್ಟದ ರೈತನ ಜೇಬಿಗೆಂದು ಹುಟ್ಟಿದ್ದು ನಮ್ಮ ಮಲೆನಾಡಿನ ಸಾಗರದ ಮಳೆಯಲ್ಲಿ ಉಬ್ಬಿಕೊಂಡು ಕೂತಾಗ ಅದರ ಮೇಲೆ ನನಗೆ ಬೇಸರ ಬರುವುದಿಲ್ಲ. ಮರಕ್ಕೆ ಮಳೆ ಗೊತ್ತಾಗಬೇಕು.

ನಮ್ಮ ಕಡೆ ಜೇಬಿಗಿಂತ ಮೊದಲು ಕೊಕ್ಕೆ ಇತ್ತು. ಅಜ್ಜ ತೋಟಕ್ಕೆ ಹೊರಟರೆಂದರೆ ಸೊಂಟದ ಹಿಂದೆ ಕತ್ತಿಕೊಕ್ಕೆ, ಅದರಲ್ಲಿ ಕತ್ತಿ. ನಡೆದ ಹಾಗೆಲ್ಲ ಕತ್ತಿ ಕೊಕ್ಕೆಗೆ ಬಡಿದು ಟಕ್ ಟಕ್ ಎನ್ನುತ್ತಿತ್ತು. ಮುಸ್ಸಂಜೆಯಲ್ಲಿ ಆ ಸದ್ದು ಸಂಕದ ಹತ್ತಿರ ಕೇಳಿದರೆ ಅಜ್ಜಿ ಬಚ್ಚಲೊಲೆಗೆ ಇನ್ನೊಂದು ಕುಂಟೆ ದೂಡುತ್ತಿದ್ದರು. ಬಾಳೆಲೆ ಕೊಯ್ಯುವುದು, ದಾರಿಗೆ ಬಾಗಿದ ಮುಳ್ಳು ಸವರುವುದು, ಮೆಣಸಿನ ಬಳ್ಳಿ ಕಟ್ಟಲು ಬಾಳೆಪಟ್ಟೆ ಸೀಳುವುದು ಎಲ್ಲಕ್ಕೂ ಒಂದೇ ಕತ್ತಿ. ಅದನ್ನು ಆಯುಧ ಎಂದು ಯಾರೂ ಕರೆದದ್ದು ನಾನು ಕೇಳಿಲ್ಲ. ಒಂದು ಕಟ್ಟಳೆ ಮಾತ್ರ ಇತ್ತು. ನಾನು ಕತ್ತಿ ಎತ್ತಿ ಅಜ್ಜನ ಕೈಗೆ ಚಾಚಿದರೆ ಅವರು ಕೈ ಹಿಂದೆಳೆದುಕೊಳ್ಳುತ್ತಿದ್ದರು: “ತಮಾ, ಕೈಗೆ ಕೊಡಡ, ಕೆಳಗಿಡು.” ಕೈಯಿಂದ ಕೈಗೆ ಕತ್ತಿ ಹೋದರೆ ಜಗಳ ಬರುತ್ತದಂತೆ. ಯುರೋಪಿನಲ್ಲೂ ಚಾಕು ಉಡುಗೊರೆ ಕೊಟ್ಟರೆ ಪಡೆದವರು ಒಂದು ನಾಣ್ಯ ಕೊಡಬೇಕು, ಇಲ್ಲದಿದ್ದರೆ ಅಲಗು ಸ್ನೇಹವನ್ನೇ ಕತ್ತರಿಸುತ್ತದೆ ಎನ್ನುತ್ತಾರೆ. ಅಲಗಿನ ಮೇಲಿನ ಈ ಮರ್ಯಾದೆ ನನಗೆ ಬಹಳ ಇಷ್ಟ. ಇವತ್ತಿಗೂ ಆಫೀಸಿನಲ್ಲಿ ಯಾರಾದರೂ ಚಾಕು ಕೇಳಿದರೆ ಮಡಚಿ ಮೇಜಿನ ಮೇಲಿಡುತ್ತೇನೆ, ಅವರೇ ಎತ್ತಿಕೊಳ್ಳುತ್ತಾರೆ.

ನನ್ನ ಕೆಲಸ ಕರಡು ತಿದ್ದುವುದು. ಕಂಪ್ಯೂಟರ್ ಪರದೆಯ ಮೇಲೆ ತಪ್ಪುಗಳು ನನ್ನ ಕಣ್ಣಿಗೆ ಬೀಳುವುದಿಲ್ಲ. ಕಾಗದಕ್ಕೆ ಇಳಿಸಿ, ಪೆನ್ಸಿಲ್ ಹಿಡಿದೇ ತಿದ್ದಬೇಕು. ಪೆನ್ಸಿಲ್ ಹೆರೆಯಲು ಚಾಕು ಬೇಕು. ಮೆಂಡರಿನಲ್ಲಿ ತಿರುವಿದ ಮೊನೆ ಕುಳ್ಳಗೆ ಕೂತು ಎರಡು ಪುಟಕ್ಕೆ ಮೊಂಡಾಗುತ್ತದೆ. ಚಾಕುವಿನಲ್ಲಿ ಹೆರೆದರೆ ಸೀಸ ಬೇಕಾದಷ್ಟು ಉದ್ದ ಬರುತ್ತದೆ. ಈ ಕೆಲಸಕ್ಕೆ ನನ್ನ ಏಳು ಚಾಕುಗಳಲ್ಲಿ ಸರಿಸಾಟಿಯಿಲ್ಲದ್ದು ಜಪಾನಿನ ಹಿಗೊನೊಕಾಮಿ.

ಅದನ್ನು ಅಂಗೈಯಲ್ಲಿಟ್ಟು ನೋಡಬೇಕು. ತಗಡಿನ ಒಂದು ಪಟ್ಟಿಯನ್ನು ಉದ್ದಕ್ಕೆ ಮಡಿಸಿದ್ದೇ ಹಿಡಿ. ಮರವಿಲ್ಲ, ಕೊಂಬಿಲ್ಲ, ಸ್ಪ್ರಿಂಗ್ ಇಲ್ಲ. ಅಲಗಿನ ಬುಡದಿಂದ ಒಂದು ಪುಟ್ಟ ಬಾಲ ಹೊರಗೆ ಚಾಚಿದೆ. ಅದರ ಹೆಸರು ಚಿಕಿರಿ. ಹೆಬ್ಬೆಟ್ಟಿನಲ್ಲಿ ಚಿಕಿರಿಯನ್ನು ಒತ್ತಿದರೆ ಅಲಗು ಹೊರಗೆ ಬರುತ್ತದೆ, ಹೆಬ್ಬೆಟ್ಟು ಅಲ್ಲೇ ಇದ್ದರೆ ಅಲಗೂ ಅಲ್ಲೇ ಇರುತ್ತದೆ. ಬೀಗವೆಂದರೆ ಹಿಡಿದವನ ಹೆಬ್ಬೆಟ್ಟೇ. ಅಲಗಿನ ನಡುವೆ ಗಡಸು ಉಕ್ಕು, ಎರಡು ಮಗ್ಗುಲಿಗೂ ಮೆದು ಕಬ್ಬಿಣ ಕೂಡಿಸಿ ಬಡಿದವೂ ಇವೆ. ನನ್ನದು ಅಂಥದು. ಬೆಳಕಿಗೆ ಓರೆ ಹಿಡಿದರೆ ಎರಡು ಲೋಹ ಕೂಡಿದ ಗೆರೆ ಹೊಳೆ ದಂಡೆಯ ಹಾಗೆ ಬಳುಕುತ್ತ ಹೋಗುವುದು ಕಾಣುತ್ತದೆ. ನಾವು ಕತ್ತಿ ಹಣಿಸಲು ಹೋದಾಗ ಊರಿನ ಆಚಾರಿಗಳೂ ಇದನ್ನೇ ಮಾಡುತ್ತಿದ್ದರು. ಮೈಗೆ ಕಬ್ಬಿಣ, ಬಾಯಿಗೆ ಉಕ್ಕು. ಪೂರ್ತಿ ಗಡಸಾದರೆ ಮುರಿಯುತ್ತದೆ, ಪೂರ್ತಿ ಮೆದುವಾದರೆ ಹರಿತ ನಿಲ್ಲುವುದಿಲ್ಲ.

ಹಿಗೊನೊಕಾಮಿ ಹುಟ್ಟಿದ್ದು 1890ರ ದಶಕದಲ್ಲಿ, ಹ್ಯೋಗೊ ಪ್ರಾಂತದ ಮಿಕಿ ಎಂಬ ಕಮ್ಮಾರರ ಊರಿನಲ್ಲಿ. ಹೆಸರಿನ ಅರ್ಥ ‘ಹಿಗೊ ಸೀಮೆಯ ಒಡೆಯ’. ಆದರೆ ಒಡೆಯರಿಗಿಂತ ಹೆಚ್ಚಾಗಿ ಅದು ಸೇರಿದ್ದು ಶಾಲೆಯ ಮಕ್ಕಳ ಕೈಗೆ. ಪೆನ್ಸಿಲ್ ಹೆರೆಯಲು, ಬಿದಿರು ಕೆತ್ತಿ ಆಟದ ಸಾಮಾನು ಮಾಡಲು ಪ್ರತಿ ಹುಡುಗನ ಹತ್ತಿರ ಒಂದಿರುತ್ತಿತ್ತು. 1960ರ ಅಕ್ಟೋಬರಿನಲ್ಲಿ ಟೋಕಿಯೊದ ಸಭೆಯೊಂದರಲ್ಲಿ ಸಮಾಜವಾದಿ ನಾಯಕ ಇನೆಜಿರೊ ಅಸಾನುಮ ಅವರನ್ನು ಹದಿನೇಳರ ಯುವಕನೊಬ್ಬ ವೇದಿಕೆಗೆ ನುಗ್ಗಿ ಇರಿದು ಕೊಂದ. ಮಕ್ಕಳ ಕೈಗೆ ಅಲಗು ಕೊಡಬಾರದೆಂಬ ಕೂಗು ದೇಶದಲ್ಲೆಲ್ಲ ಎದ್ದಿತು. ಕೊಂದವನ ಕೈಯಲ್ಲಿದ್ದದ್ದು ಸಾಂಪ್ರದಾಯಿಕ ಗಿಡ್ಡ ಕತ್ತಿ. ಮಕ್ಕಳ ಚೀಲದಿಂದ ಮಾಯವಾದದ್ದು ಪೆನ್ಸಿಲ್ ಹೆರೆಯುವ ಚಾಕು. ಇಂದು ಆ ಹೆಸರನ್ನು ಅಧಿಕೃತವಾಗಿ ಒತ್ತುವ ಕುಲುಮೆ ಮಿಕಿಯ ನಾಗಾವೊ ಮನೆತನದ್ದೊಂದೇ ಉಳಿದಿದೆ. ಇದನ್ನು ನೆನೆದಾಗೆಲ್ಲ ನನಗೆ ಸಂಕಟವಾಗುತ್ತದೆ. ಇರಿದ ಕತ್ತಿಯ ಶಿಕ್ಷೆಯನ್ನು ಬರೆಯಲು ನೆರವಾಗುತ್ತಿದ್ದ ಚಾಕು ಅನುಭವಿಸಿತು.

ನಮ್ಮಲ್ಲೂ ಚಾಕು ಎಂಬ ಮಾತಿಗೆ ಪತ್ರಿಕೆಗಳಲ್ಲಿ ಉಳಿದಿರುವ ಜೊತೆಗಾರ ಪದ ಒಂದೇ, ಇರಿತ. ನಾನೇ ಎಷ್ಟೋ ಬಾರಿ ಆ ತಲೆಬರಹ ತಿದ್ದಿದ್ದೇನೆ. ಹಾಗಾಗಿ ಬಾಗಿಲಲ್ಲಿ ಜೇಬು ತಪಾಸಿಸುವ ಕಾವಲಿನವರ ಕಷ್ಟ ನನಗೆ ಅರ್ಥವಾಗುತ್ತದೆ. ತಪಾಸಣೆಯಿರುವ ಕಡೆ ಹೋಗುವ ದಿನ ಚಾಕುವನ್ನು ಮನೆಯಲ್ಲೇ ಬಿಡುತ್ತೇನೆ, ವಿಮಾನಕ್ಕಾದರೆ ದೊಡ್ಡ ಪೆಟ್ಟಿಗೆಯಲ್ಲಿಟ್ಟು ಲಗೇಜಿಗೆ ಹಾಕುತ್ತೇನೆ. ಒಮ್ಮೆ ಮರೆತೆ. ದೊಡ್ಡ ಕಟ್ಟಡವೊಂದರ ಬಾಗಿಲಲ್ಲಿ ಕೇಳಿದರು, ಕೊಟ್ಟೆ. ಸಂಜೆ ಬಂದು ವಿಚಾರಿಸಿದರೆ ಪಾಳಿ ಬದಲಾಗಿತ್ತು, ಚಾಕು ಇರಲಿಲ್ಲ. ಹನ್ನೊಂದು ವರ್ಷ ಜೇಬಿನಲ್ಲಿದ್ದು ಹಿಡಿಯ ಮೂಲೆಗಳೆಲ್ಲ ನನ್ನ ಬೆರಳಿಗೆ ಸವೆದಿದ್ದ ಚಾಕು ಅದು. ಅದೇ ಎಂಟನೆಯ ನಂಬರಿನ ಹೊಸ ಒಪಿನೆಲ್ ಕೊಂಡೆ. ಮಳೆಗೆ ಬಾಯಿ ಬಿಡದೆ ಕೂರುವುದು ಈಗ ಇದೇ.

ಮಡಚುವ ಚಾಕು ಬರೆಯುವವರ ನೆಂಟ ಎಂಬ ನನ್ನ ನಂಬಿಕೆ ಗಟ್ಟಿಯಾದದ್ದು ಒಂದು ಅಟ್ಟದ ಮೇಲೆ. ಸಿದ್ದಾಪುರದ ಕಡೆಯ ನೆಂಟರ ಮನೆಯಲ್ಲಿ ಓಲೆಗರಿಯ ಕಟ್ಟುಗಳನ್ನು ಕೆಳಗಿಳಿಸುವಾಗ ಬಟ್ಟೆಯ ಗಂಟೊಂದು ಸಿಕ್ಕಿತು. ಬಿಚ್ಚಿದರೆ ಗೇಣುದ್ದದ ಹಿತ್ತಾಳೆಯ ಹಿಡಿ. ಅದರ ಒಂದು ತುದಿಯಿಂದ ಅಲಗು ತೆರೆಯಿತು, ಇನ್ನೊಂದು ತುದಿಯಿಂದ ಓಲೆಯ ಮೇಲೆ ಕೊರೆದು ಬರೆಯುವ ಕಂಟ. ಎರಡೂ ಮಡಚಿಕೊಂಡು ಒಂದೇ ಹಿಡಿಯೊಳಗೆ ಎದುರುಬದುರು ಮಲಗುತ್ತಿದ್ದವು. ಅಲಗಿನಿಂದ ಗರಿಯ ಅಂಚು ಕತ್ತರಿಸಿ ಅಳತೆಗೆ ತಂದುಕೊಳ್ಳಬೇಕು, ಕಂಟದಿಂದ ಬರೆಯಬೇಕು, ಆಮೇಲೆ ಮಸಿ ತೀಡಿದರೆ ಅಕ್ಷರ ಕಪ್ಪಾಗಿ ಏಳುತ್ತದೆ. ದಕ್ಷಿಣ ಭಾರತದ ಇಂಥ ಕಂಟಚಾಕುಗಳು ವಸ್ತುಸಂಗ್ರಹಾಲಯಗಳಲ್ಲೂ ಇವೆ. ಇಂಗ್ಲಿಷಿನವರು ಪುಟ್ಟ ಜೇಬುಚಾಕುವಿಗೆ ಪೆನ್‌ನೈಫ್ ಎನ್ನುವುದೂ ಹಕ್ಕಿಗರಿಯ ಲೇಖನಿಯನ್ನು ಹೆರೆಯುತ್ತಿದ್ದ ಕಾರಣಕ್ಕೆ. ಅಂದು ಆ ಹಿತ್ತಾಳೆಯ ಹಿಡಿಯನ್ನು ನಾನು ಬಹಳ ಹೊತ್ತು ಕೆಳಗಿಡಲಿಲ್ಲ. ಕೇಳಿದ್ದರೆ ಅವರು ಕೊಟ್ಟುಬಿಡುತ್ತಿದ್ದರೇನೋ. ಕೇಳಲಿಲ್ಲ. ಅದರ ಜಾಗ ಆ ಓಲೆಗಳ ಪಕ್ಕ.

ಸಂಗ್ರಹಿಸುವವರಲ್ಲಿ ಹಲವರು ಚಾಕುವನ್ನು ಕೊಂಡ ದಿನದ ಹೊಳಪಿನಲ್ಲೇ ಎಣ್ಣೆ ಸವರಿ, ಕಾಗದ ಸುತ್ತಿ ಇಡುತ್ತಾರೆ. ಕೆಲಸ ಮಾಡದ ಅಲಗಿಗೆ ಬೆಲೆ ಜಾಸ್ತಿ. ನನ್ನ ಹಲಸಿನ ಪೆಟ್ಟಿಗೆಯಲ್ಲಿ ಅಂಥದು ಒಂದೂ ಇಲ್ಲ, ಪ್ರತಿ ಚಾಕುವಿಗೂ ಸರದಿಯಿದೆ. ಮೊನ್ನೆ ಸುಗ್ಗಿಯಲ್ಲಿ ಊರಿಗೆ ಹೋದಾಗ ಒಪಿನೆಲ್ ಜೇಬಿನಲ್ಲಿತ್ತು. ಚಪ್ಪರದಡಿ ಮೆಟ್ಟುಗತ್ತಿಗಳ ಸಾಲು, ಅಡಿಕೆ ಸುಲಿಯುವವರ ಬೆರಳೆಲ್ಲ ಕಪ್ಪು. ನಾನೂ ಕೂತು ಒಂದು ಹಸಿ ಅಡಿಕೆಯನ್ನು ಚಾಕುವಿನಲ್ಲಿ ಹೋಳು ಮಾಡಿದೆ. ಒರೆಸದೆ ಇಟ್ಟ ಅಲಗಿನ ಮೇಲೆ ನೋಡನೋಡುತ್ತಿದ್ದಂತೆ ಮೋಡ ಕಟ್ಟಿತು. ಮೊದಲು ಬೂದು, ಆಮೇಲೆ ನೇರಳೆ, ಮಧ್ಯಾಹ್ನದ ಹೊತ್ತಿಗೆ ನೀಲಿಗಪ್ಪು. ಅಡಿಕೆಯ ಚೊಗರು ಕಬ್ಬಿಣದೊಡನೆ ಕೂಡಿದಾಗ ಹುಟ್ಟುವ ಬಣ್ಣ ಅದು. ಹಿಂದಿನವರು ಅಳಲೆಕಾಯಿಯ ಒಗರಿಗೆ ಅನ್ನಭೇದಿ ಬೆರೆಸಿ ಕಾಯಿಸುತ್ತಿದ್ದ ಶಾಯಿಯಲ್ಲಿದ್ದದ್ದೂ ಇದೇ ಒಗರು, ಇದೇ ಕಬ್ಬಿಣ. ನನ್ನ ಅಲಗಿನ ಮೇಲೆ ಕೂತಿದ್ದದ್ದು ಶಾಯಿಯೇ. ಈ ಕಪ್ಪು ಪದರ ಕೂತ ಉಕ್ಕಿಗೆ ಕೆಂಪು ತುಕ್ಕು ಬೇಗ ಹತ್ತುವುದಿಲ್ಲ. ಅದರ ಮೇಲೆ ಮಾವಿನಕಾಯಿಯ ಹುಳಿ ಒಂದು ಗೆರೆ ಎಳೆದಿದೆ, ಈರುಳ್ಳಿ ಇನ್ನೊಂದು ಕಲೆ ಬಿಟ್ಟಿದೆ. ಯಾವ ಕಲೆ ಯಾವ ದಿನದ್ದೆಂದು ನಾನು ಹೇಳಬಲ್ಲೆ.

ಭಾನುವಾರ ಮಸೆಯುವ ದಿನ. ಸಾಣೆಕಲ್ಲನ್ನು ಕಾಲು ಗಂಟೆ ನೀರಲ್ಲಿ ನೆನೆಹಾಕಿ, ಅಲಗಿನ ಬೆನ್ನನ್ನು ಚೂರು ಎತ್ತಿ, ಕಲ್ಲಿನಿಂದ ತೆಳು ಪದರ ತೆಗೆಯುವವನಂತೆ ಎಳೆಯುತ್ತೇನೆ. ಕೋನ ತಪ್ಪಿದರೆ ಸದ್ದೇ ಹೇಳುತ್ತದೆ. ಒಂದು ಮಗ್ಗುಲು ಮುಗಿಯಿತೆನ್ನುವಾಗ ಆಚೆ ಬದಿಯ ಅಂಚಿನಲ್ಲಿ ಲೋಹದ ಎಳೆಯೊಂದು ಬೆರಳಿಗೆ ತಗಲುತ್ತದೆ, ಕಣ್ಣಿಗೆ ಕಾಣುವುದಿಲ್ಲ. ತಿರುವಿ ಇನ್ನೊಂದು ಮಗ್ಗುಲು. ಕೊನೆಗೆ ಹಳೆಯ ಬೆಲ್ಟಿನ ತೊಗಲಿಗೆ ಹತ್ತಿಪ್ಪತ್ತು ಸಲ ಒರೆಸಿ, ತಿದ್ದಿ ಮುಗಿದ ಕರಡಿನ ಹಾಳೆಯೊಂದನ್ನು ಗಾಳಿಯಲ್ಲಿ ಹಿಡಿದು ಸೀಳುತ್ತೇನೆ. ಸದ್ದಿಲ್ಲದೆ ಎರಡಾದರೆ ವಾರಕ್ಕೆ ಸಾಕು. ಕೀಲಿಗೆ ಒಂದು ಹನಿ ಕೊಬ್ಬರಿ ಎಣ್ಣೆ.

ವರ್ಷದಲ್ಲಿ ಒಂದು ದಿನ ಮನೆಯಲ್ಲಿದ್ದರೂ ನನ್ನ ಜೇಬು ಖಾಲಿ. ಆಯುಧಪೂಜೆಯಂದು ದೇವರ ಮುಂದೆ ಮಣೆ ಹಾಕಿ ಅಜ್ಜನ ಕತ್ತಿಕೊಕ್ಕೆ, ಅಡಕತ್ತರಿ, ಹೆಂಡತಿಯ ಹೊಲಿಗೆಯ ಕತ್ತರಿ, ಏಳು ಚಾಕು ಎಲ್ಲ ಇಡುತ್ತೇವೆ. ಅದೇ ಮಣೆಯ ಮೇಲೆ ನಿಘಂಟು, ನನ್ನ ಪೆನ್ಸಿಲ್ಲುಗಳು. ಕುಂಕುಮ, ಸೇವಂತಿಗೆ. ಮರುದಿನದ ಪೂಜೆಯಾಗುವವರೆಗೆ ಯಾವುದನ್ನೂ ಮುಟ್ಟುವ ಹಾಗಿಲ್ಲ. ಹೋದ ವರ್ಷ ಅಂದು ಸಂಜೆಯೇ ಒಂದು ಕರಡು ಬಂತು. ಮೊದಲ ಪುಟದ ಮೂರನೆಯ ಸಾಲಿನಲ್ಲೇ ತಪ್ಪೊಂದು ಕಂಡಿತು. ಮೇಜಿನ ಖಾನೆಯಲ್ಲಿ ಪೂಜೆಗಿಡಲು ಮರೆತಿದ್ದ ಪೆನ್ಸಿಲ್ ತುಂಡೊಂದಿತ್ತು. ಮೊನೆ ಮುರಿದಿತ್ತು. ಬಲಗೈ ತಾನಾಗಿ ಜೇಬಿಗೆ ಹೋಯಿತು. ತಪ್ಪಿದ್ದ ಸಾಲಿನ ಮೇಲೆ ಆ ಪೆನ್ಸಿಲ್ ತುಂಡನ್ನೇ ಅಡ್ಡ ಇಟ್ಟು, ದೀಪಕ್ಕೆ ಎಣ್ಣೆ ಹಾಕಲು ಎದ್ದೆ.