ಲೈನಿನ ದೋಷ, ಮೋಟಾರಿನ ದೋಷ

‘ಸೀಟಾಯ್ತಾ?’

ಈ ಒಂದು ಪ್ರಶ್ನೆಗೆ ಹೆದರಿ ಆ ಹುಡುಗ ಹತ್ತು ದಿನ ಬೀದಿಗೆ ಇಳಿಯಲಿಲ್ಲ. ಹಾಲಿನಂಗಡಿಯವರು ಕೇಳುತ್ತಾರೆ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಹೈಸ್ಕೂಲಿನ ಮೇಷ್ಟ್ರು ಕೇಳುತ್ತಾರೆ, ಮದುವೆಯ ಕರೆಯೋಲೆ ಕೊಡಲು ಬಂದವರೂ ಕೇಳುತ್ತಾರೆ. ಕೇಳುವವರಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇಲ್ಲ. ಆದರೆ ‘ಇಲ್ಲ’ ಎಂಬ ಎರಡಕ್ಷರವನ್ನು ದಿನಕ್ಕೆ ಹತ್ತು ಸಲ ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಊರು ಹಿರಿಯೂರಿನ ಕಡೆಯದು. ತಂದೆಗೆ ಪಂಪ್‌ಸೆಟ್ಟಿನ ಮೋಟಾರುಗಳಿಗೆ ವೈಂಡಿಂಗ್ ಮಾಡಿಕೊಡುವ ಅಂಗಡಿ. ಮಗ ಎಸ್ಸೆಸ್ಸೆಲ್ಸಿ ಮುಗಿಸಿ ಪಾಲಿಟೆಕ್ನಿಕ್ ಸೇರಿದ, ಎಲೆಕ್ಟ್ರಿಕಲ್ ಡಿಪ್ಲೊಮಾದಲ್ಲಿ ತರಗತಿಗೇ ಮೊದಲಿಗನಾದ. ಇನ್ನು ಉಳಿದದ್ದು ಒಂದೇ ಮೆಟ್ಟಿಲು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದರೆ ಬಿ.ಇ.ಯ ಮೊದಲ ವರ್ಷ ಓದಬೇಕಾಗಿಲ್ಲ. ನೇರವಾಗಿ ಎರಡನೇ ವರ್ಷಕ್ಕೆ, ಅಂದರೆ ಮೂರನೇ ಸೆಮಿಸ್ಟರಿಗೆ ಸೇರಬಹುದು. ಬೆಂಗಳೂರಿನ ಹೆಸರಾಂತ ಕಾಲೇಜೊಂದರ ಮೇಲೆ ಹುಡುಗನ ಕಣ್ಣಿತ್ತು. ಅದರ ಗೇಟಿನ ಮುಂದೆ ನಿಂತು ತೆಗೆಸಿಕೊಂಡ ಫೋಟೊ ಎರಡು ವರ್ಷದಿಂದ ಅವನ ಮೊಬೈಲಿನಲ್ಲಿತ್ತು. 2024ರ ಮಳೆಗಾಲದಲ್ಲಿ ಕೊನೆಯ ಸುತ್ತಿನ ಸೀಟು ಹಂಚಿಕೆ ಪ್ರಕಟವಾದಾಗ ಅದೇ ಮೊಬೈಲು ಅವನಿಗೆ ಯಾವ ಕಾಲೇಜೂ ಇಲ್ಲವೆಂದು ತೋರಿಸಿತು.

ಮನೆಯಲ್ಲಿ ಮೊದಲ ತಪ್ಪು ಮಾಡಿದವರು ತಾಯಿ. ತಪ್ಪೆಂದರೆ ಅದು ಸಂಕಟದ ತಪ್ಪು. ‘ನಿನ್ನ ಜೊತೆ ಓದಿದವನಿಗೆ ಸಿಕ್ತಂತಲ್ಲ, ನಿನಗಿಂತ ಹಿಂದಿದ್ದನಲ್ಲ ಅವನು?’ ಎಂದು ಕೇಳಿದರು. ಎರಡನೆಯ ತಪ್ಪು ತಂದೆಯದು. ರಾತ್ರಿ ಊಟಕ್ಕೆ ಕೂತಾಗ, ‘ಯೋಚನೆ ಮಾಡಬ್ಯಾಡ. ಸೈಟು ಮಾರಿಯಾದ್ರೂ ಮ್ಯಾನೇಜ್‌ಮೆಂಟ್ ಸೀಟು ಕೊಡಿಸ್ತೀನಿ’ ಎಂದರು. ಅದು ಪ್ರೀತಿಯಿಂದ ಬಂದ ಮಾತು. ಆದರೆ ಹುಡುಗನ ಕಿವಿಗೆ ಅದು ‘ನಿನ್ನ ಕೈಯಲ್ಲಿ ಆಗುವುದಿಲ್ಲ, ದುಡ್ಡಿನ ಕೈಯಲ್ಲಿ ಆದರೂ ಆಗಲಿ’ ಎಂದು ಕೇಳಿಸಿತು. ಅರ್ಧ ಊಟ ಬಿಟ್ಟು ಎದ್ದವನು ಕೋಣೆಯ ಬಾಗಿಲು ಹಾಕಿಕೊಂಡ.

ಆ ರಾತ್ರಿ ತಾಯಿ ಕೋಣೆಯ ಹೊಸಿಲ ಬಳಿಯೇ ಚಾಪೆ ಹಾಸಿಕೊಂಡರು. ಮುಂದಿನ ರಾತ್ರಿಗಳೂ ಹಾಗೆಯೇ ಕಳೆದವು. ಯಾಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಫಲಿತಾಂಶದ ದಿನಗಳಲ್ಲಿ ಪತ್ರಿಕೆ ಓದುವ ಯಾವ ತಾಯಿಗೂ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಹೊತ್ತಿನಲ್ಲಿ ಮನೆಯವರ ಮಾತು ಸಾಲದು ಎನಿಸಿದರೆ 14416ಕ್ಕೆ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿಗೆ ಹಣ ಕೊಡಬೇಕಾಗಿಲ್ಲ. ಜ್ವರಕ್ಕೆ ಡಾಕ್ಟರ ಬಳಿ ಹೋಗುವಷ್ಟೇ ಸಹಜವಾಗಿ ಅದನ್ನು ಬಳಸಬೇಕು.

ಹನ್ನೊಂದನೆಯ ದಿನ ಅಂಗಡಿಗೆ ಕೆಲಸದ ಹುಡುಗ ಬರಲಿಲ್ಲ. ರೈತರೊಬ್ಬರು ಐದು ಎಚ್.ಪಿ. ಮೋಟಾರನ್ನು ಆಟೊದಲ್ಲಿ ಹಾಕಿಕೊಂಡು ಬಂದು ಗಲಾಟೆ ಎಬ್ಬಿಸಿದ್ದರು. ‘ಎರಡು ವರ್ಷದಾಗೆ ಮೂರು ಸಲ ಸುಟ್ತು. ಈ ಮೋಟ್ರೇ ಸರಿ ಇಲ್ಲ. ಗುಜರಿಗೆ ಹಾಕ್ತೀನಿ.’ ತಂದೆ ಮನೆಗೆ ಫೋನು ಮಾಡಿ ಮಗನನ್ನು ಕರೆದರು. ಸಮಾಧಾನ ಹೇಳಲು ಕರೆದದ್ದಲ್ಲ, ಮೋಟಾರು ಎತ್ತಿಳಿಸಲು ನಿಜಕ್ಕೂ ಇನ್ನೊಂದು ಕೈ ಬೇಕಿತ್ತು.

ಹುಡುಗ ಬಂದು ಬೋಲ್ಟು ಬಿಚ್ಚಿ ಮುಚ್ಚಳ ತೆಗೆದ. ವೈಂಡಿಂಗ್ ಕೆಲಸ ಬಲ್ಲವರು ಸುಟ್ಟ ಮೋಟಾರಿನ ತಂತಿಯನ್ನು ಕೂಡಲೇ ಕತ್ತರಿಸಿ ಬಿಸಾಡುವುದಿಲ್ಲ. ಮೊದಲು ನೋಡುತ್ತಾರೆ. ಸುರುಳಿಗಳೆಲ್ಲ ಒಂದೇ ಸಮನಾಗಿ ಕಪ್ಪಾಗಿದ್ದರೆ ಹೊರೆ ಹೆಚ್ಚಾಗಿದೆ ಅಥವಾ ವೋಲ್ಟೇಜು ಬಿದ್ದಿದೆ. ಒಂದೇ ಜಾಗದಲ್ಲಿ ಸುಟ್ಟು ಉಳಿದದ್ದೆಲ್ಲ ಚೆನ್ನಾಗಿದ್ದರೆ ಅಲ್ಲಿ ನಿರೋಧಕ ಕಾಗದ ಹರಿದಿದೆ, ಅಂದರೆ ದೋಷ ಮೋಟಾರಿನ ಒಳಗಿದೆ. ಸ್ಟಾರ್ ಜೋಡಣೆಯ ಮೋಟಾರಿನಲ್ಲಿ ಎರಡು ಫೇಸಿನ ಸುರುಳಿಗಳು ಇದ್ದಿಲಾಗಿ ಮೂರನೆಯದು ಹೊಸ ತಾಮ್ರದಂತೆ ಹೊಳೆಯುತ್ತಿದ್ದರೆ, ಓಡುತ್ತಿರುವಾಗಲೇ ಒಂದು ಫೇಸು ಕೈಕೊಟ್ಟಿದೆ. ಆಗ ದೋಷ ಲೈನಿನದು.

ಈ ಮೋಟಾರಿನಲ್ಲಿ ಮೂರನೆಯ ಫೇಸು ಹೊಳೆಯುತ್ತಿತ್ತು.

‘ಮೋಟ್ರು ಚೆನ್ನಾಗೈತೆ ಯಜಮಾನ್ರೇ. ಒಂದು ಫೇಸ್ ಹೋದಾಗ ಓಡೈತೆ. ಸ್ಟಾರ್ಟರ್‌ಗೆ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಹಾಕಿಸ್ರಿ’ ಎಂದ ಹುಡುಗ. ಹತ್ತು ದಿನಗಳಲ್ಲಿ ಅವನು ಆಡಿದ ಅತಿ ಉದ್ದನೆಯ ಮಾತು ಅದು.

ರೈತರು ಹೋದ ಮೇಲೆ ತಂದೆ ಕೈ ಒರೆಸಿಕೊಳ್ಳುತ್ತ ಕೇಳಿದರು: ‘ಮತ್ತೆ ನಿಂದು? ಲೈನಿಂದೋ, ಮೋಟ್ರಿಂದೋ? ನೀನಿನ್ನೂ ಮುಚ್ಚಳಾನೇ ಬಿಚ್ಚಿಲ್ಲವಲ್ಲ.’

ಆ ಸಂಜೆ ಬಿಲ್ ಪುಸ್ತಕದ ಹಿಂಬದಿಯಲ್ಲಿ ಅಪ್ಪ ಮಗ ಎರಡು ಪಟ್ಟಿ ಬರೆದರು.

ಮೊದಲನೆಯದು ಲೈನಿನ ಪಟ್ಟಿ. ಎರಡನೇ ವರ್ಷಕ್ಕೆ ಹೀಗೆ ಸೇರುವವರಿಗೆ ಇರುವುದು ಮಂಜೂರಾದ ಪ್ರವೇಶ ಸಂಖ್ಯೆಯ ಶೇಕಡಾ 10ರಷ್ಟು ಸೀಟು, ಅದರ ಜೊತೆಗೆ ಮೊದಲ ವರ್ಷದಲ್ಲಿ ಖಾಲಿ ಉಳಿದ ಸೀಟುಗಳು. 60 ಜನರ ತರಗತಿಯಾದರೆ ಶೇಕಡಾ 10 ಎಂದರೆ ಆರು. ಹೆಸರಾಂತ ಕಾಲೇಜಿನಲ್ಲಿ ಖಾಲಿ ಉಳಿಯುವ ಮಾತೇ ಅಪರೂಪ. ಆ ಆರೂ ಸೀಟು ಬೇರೆ ಬೇರೆ ವರ್ಗಗಳಿಗೆ ಹಂಚಿಹೋಗುತ್ತವೆ. ರಾಜ್ಯದ ಅಷ್ಟೂ ಪಾಲಿಟೆಕ್ನಿಕ್‌ಗಳ ಮೊದಲಿಗರು ಅದೇ ಆರು ಕುರ್ಚಿಗೆ ಸಾಲು ನಿಂತಿರುತ್ತಾರೆ. ಏಳನೆಯವನಾಗಿ ನಿಂತವನು ದಡ್ಡನಲ್ಲ, ಏಳನೆಯವನು ಅಷ್ಟೆ. ಇಲ್ಲಿ ನಡೆದದ್ದು ಬರೀ ಕಳೆಯುವ ಲೆಕ್ಕ.

ಎರಡನೆಯದು ಮೋಟಾರಿನ ಪಟ್ಟಿ. ಇದನ್ನು ಬರೆಯುವುದು ಕಷ್ಟವಾಯಿತು. ಗಣಿತ ಅವನಿಗೆ ಪಾಲಿಟೆಕ್ನಿಕ್‌ನ ಮೊದಲ ವರ್ಷಕ್ಕೇ ಮುಗಿದುಹೋಗಿತ್ತು. ಪರೀಕ್ಷೆಯಲ್ಲಿ ಮುಗ್ಗರಿಸಿದ್ದೂ ಅಲ್ಲಿಯೇ. ಇನ್ನೊಂದು ಸಂಗತಿಯನ್ನು ಅವನು ಯಾರಿಗೂ ಹೇಳಿರಲಿಲ್ಲ. ಆಪ್ಷನ್ ಎಂಟ್ರಿಯಲ್ಲಿ ಎಷ್ಟು ಕಾಲೇಜನ್ನಾದರೂ ಇಷ್ಟದ ಕ್ರಮದಲ್ಲಿ ಬರೆಯಲು ಅವಕಾಶವಿದ್ದರೂ ಇವನು ಬರೆದದ್ದು ನಾಲ್ಕೇ, ನಾಲ್ಕೂ ಬೆಂಗಳೂರಿನವು. ಹಿಂದಿನ ರ‍್ಯಾಂಕಿನ ಗೆಳೆಯ ಮೂವತ್ತು ಬರೆದಿದ್ದ. ಗೆಳೆಯನಿಗೆ ಸೀಟು ಸಿಕ್ಕಿದ ಗುಟ್ಟು ಇಷ್ಟೇ.

‘ಇದನ್ನ ಯಾಕೆ ಹೇಳ್ಲಿಲ್ಲ?’

‘ನಾಚಿಕೆ ಆಯ್ತಪ್ಪ.’

ವಿಜ್ಞಾನದ ಚರಿತ್ರೆಯಲ್ಲೂ ಈ ಎರಡು ಬಗೆಯ ತಿರಸ್ಕಾರಗಳು ಸಿಗುತ್ತವೆ. ಐನ್‌ಸ್ಟೀನ್ ಗಣಿತದಲ್ಲಿ ಫೇಲಾಗಿದ್ದರು ಎಂಬ ಕತೆಯನ್ನು ಮಕ್ಕಳಿಗೆ ಸಮಾಧಾನಕ್ಕಾಗಿ ಹೇಳುವುದುಂಟು. ಅದು ಸುಳ್ಳು. 1895ರಲ್ಲಿ ಜ್ಯೂರಿಕ್‌ನ ಪಾಲಿಟೆಕ್ನಿಕ್‌ಗೆ ಪ್ರವೇಶ ಪರೀಕ್ಷೆ ಬರೆದಾಗ ಅವರಿಗೆ 16 ವರ್ಷ, ನಿಗದಿತ ವಯಸ್ಸಿಗಿಂತ ಎರಡು ವರ್ಷ ಕಡಿಮೆ. ಗಣಿತ ಮತ್ತು ಭೌತಶಾಸ್ತ್ರದಲ್ಲಿ ಉತ್ತಮವಾಗಿಯೇ ಮಾಡಿದ್ದರು. ಉಳಿದ ಸಾಮಾನ್ಯ ವಿಷಯಗಳಲ್ಲಿ ಸಾಲದೆ ಬಂತು. ಪ್ರವೇಶ ಸಿಗಲಿಲ್ಲ. ಅವರು ಆರಾವ್ ಎಂಬ ಊರಿನ ಶಾಲೆಯಲ್ಲಿ ಒಂದು ವರ್ಷ ಓದಿ, ಕೊರತೆ ತುಂಬಿಕೊಂಡು 1896ರಲ್ಲಿ ಅದೇ ಪಾಲಿಟೆಕ್ನಿಕ್ ಸೇರಿದರು. ಕೊರತೆ ತಮ್ಮಲ್ಲಿತ್ತು, ತುಂಬಿಕೊಂಡರು.

ಇನ್ನೊಂದು ಸಂಗತಿ ನಮ್ಮ ಬೆಂಗಳೂರಿನದು. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಬಿ.ಎಸ್ಸಿ. ಮುಗಿಸಿ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್, ಹೆಣ್ಣುಮಗಳು ಎಂಬ ಕಾರಣಕ್ಕೆ ನಿರಾಕರಿಸಿದರು. ಆಕೆ ಪಟ್ಟು ಬಿಡಲಿಲ್ಲ. ಒಂದು ವರ್ಷದ ಪರೀಕ್ಷಾರ್ಥ ಅವಧಿಯ ಷರತ್ತಿನ ಮೇಲೆ ಸೇರಿಸಿಕೊಂಡರು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಆಕೆ 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಆಕೆಯಲ್ಲಿ ತುಂಬಿಕೊಳ್ಳಬೇಕಾದ ಕೊರತೆ ಏನೂ ಇರಲಿಲ್ಲ. ದೋಷ ಪೂರ್ತಿ ಲೈನಿನದೇ.

ಹೆಚ್ಚಿನ ಮಕ್ಕಳ ವಿಷಯದಲ್ಲಿ ಎರಡೂ ಬೆರೆತಿರುತ್ತವೆ. ಎಲ್ಲ ತಪ್ಪೂ ತನ್ನದೇ ಎಂದುಕೊಂಡವನು ಕುಸಿಯುತ್ತಾನೆ. ಎಲ್ಲ ತಪ್ಪೂ ವ್ಯವಸ್ಥೆಯದೇ ಎಂದುಕೊಂಡವನು ಮುಂದಿನ ವರ್ಷವೂ ನಾಲ್ಕೇ ಕಾಲೇಜು ಬರೆಯುತ್ತಾನೆ. ಯಾವುದು ಯಾವುದೆಂದು ಬೇರ್ಪಡಿಸಿ ನೋಡುವುದೇ ಮೊದಲ ಕೆಲಸ. ಅದನ್ನು ಮಗು ಒಬ್ಬನೇ ಮಾಡಲಾರ. ಜೊತೆಗೆ ದೊಡ್ಡವರೊಬ್ಬರು ಕೂರಬೇಕು. ತೀರ್ಪು ಕೊಡುವ ಅವಸರವಿಲ್ಲದೆ ಕೂರಬೇಕು.

ಸೈಟು ಮಾರಲಿಲ್ಲ. ಹುಡುಗ ಹಗಲು ಅಂಗಡಿಯಲ್ಲಿ ಕೆಲಸ ಮಾಡಿದ. ಬೆಳಗಿನ ಜಾವ ಐದಕ್ಕೆ ಎದ್ದು ಪಿಯುಸಿಯ ಹಳೆಯ ಗಣಿತ ಪುಸ್ತಕ ಹಿಡಿದ. ಅನುಕಲನದ ಹತ್ತು ಲೆಕ್ಕ ಮಾಡಿದ ಮೇಲೆಯೇ ಕಾಫಿ. ಒಮ್ಮೊಮ್ಮೆ ಬೇಸರವೂ ಬಂತು. ಕಾಲೇಜು ಸೇರಿದ ಗೆಳೆಯರ ಫೋಟೊಗಳನ್ನು ನೋಡಿದ ದಿನ ಲೆಕ್ಕ ಸಾಗುತ್ತಿರಲಿಲ್ಲ. ಅಂಥ ದಿನ ತಾಯಿ ಏನೂ ಕೇಳುತ್ತಿರಲಿಲ್ಲ, ಕಾಫಿ ತಂದಿಟ್ಟು ಹೋಗುತ್ತಿದ್ದರು.

2025ರಲ್ಲಿ ಅವನು ಮತ್ತೆ ಪರೀಕ್ಷೆ ಬರೆದ. ರ‍್ಯಾಂಕು ಸುಧಾರಿಸಿತು. ಈ ಸಲ ಮೂವತ್ತಾರು ಕಾಲೇಜು ಬರೆದಿದ್ದ. ಬೆಂಗಳೂರಿನ ಆ ಕಾಲೇಜು ಈ ಸಲವೂ ಸಿಗಲಿಲ್ಲ. ಸಿಕ್ಕಿದ್ದು ದಾವಣಗೆರೆಯಲ್ಲಿ, ಪಟ್ಟಿಯ ಹನ್ನೊಂದನೆಯದು. ಒಂದು ಸಂಜೆಯ ಮಟ್ಟಿಗೆ ಮುಖ ಸಪ್ಪಗಾಯಿತು. ಮರುದಿನ ಶುಲ್ಕ ಕಟ್ಟಿ ಬಂದ. ಡಿಪ್ಲೊಮಾದಿಂದ ಬಂದ ಎಷ್ಟೋ ಜನ ಬಿ.ಇ.ಯಲ್ಲಿ ಎಡವುವುದು ಗಣಿತದಲ್ಲೇ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಅದಕ್ಕೆಂದೇ 2018ರ ಪಠ್ಯಕ್ರಮದಲ್ಲಿ ಅವರಿಗೆ ಮೂರು ಮತ್ತು ನಾಲ್ಕನೇ ಸೆಮಿಸ್ಟರಿನಲ್ಲಿ ಹೆಚ್ಚುವರಿ ಗಣಿತ ಇಟ್ಟಿತ್ತು. ಇವನಿಗೆ ಮಾತ್ರ ಮೊದಲ ಟೆಸ್ಟಿನಲ್ಲೇ ಗಣಿತ ಕೈಹಿಡಿಯಿತು. ವ್ಯರ್ಥವಾಯಿತೆಂದು ಎಲ್ಲರೂ ಮರುಗಿದ್ದ ಒಂದು ವರ್ಷದ ಫಲ ಅದು.

ದಸರಾ ರಜೆಗೆ ಊರಿಗೆ ಬಂದಾಗ, ಅದೇ ಬೀದಿಯ ಕಿರಿಯ ಹುಡುಗನೊಬ್ಬ ಸೀಟು ಸಿಗದೆ ಮನೆಯಲ್ಲೇ ಕೂತಿದ್ದಾನೆಂದು ತಾಯಿ ಹೇಳಿದರು. ಇವನು ಚಪ್ಪಲಿ ಮೆಟ್ಟಿಕೊಂಡು ಹೊರಟ. ಬಾಗಿಲು ತೆರೆದವನನ್ನು ‘ಸೀಟಾಯ್ತಾ?’ ಎಂದು ಕೇಳಲಿಲ್ಲ.

‘ಆಪ್ಷನ್ ಎಂಟ್ರಿ ಪ್ರಿಂಟು ಇಟ್ಕೊಂಡಿದ್ದೀಯೇನೋ? ತಗೊಂಡು ಅಂಗಡಿ ಹತ್ರ ಬಾ. ಒಂದ್ಸಲ ಬಿಚ್ಚಿ ನೋಡೋಣ’ ಎಂದ.